ಬಲಗಡೆಯ ಹೂವು

ಆ ಹೂವು ತಾನಾಗಿ ಬೀಳಲಿಲ್ಲ, ಅತ್ತಿಗೆ. ಬೀಳಿಸಿದವನು ನಾನು.

ತೋರುಬೆರಳನ್ನು ದೀಪದ ಎಣ್ಣೆಯಲ್ಲಿ ಅದ್ದಿ ಮುನೇಶ್ವರನ ಬಲಭುಜದ ಮೇಲೆ ಒಂದು ಸಲ ಸವರಿದೆ. ಅದರ ಮೇಲೆ ಹೂವಿಟ್ಟೆ. ಎಡಭುಜದ ಹೂವಿಗೆ ಬರೀ ನೀರು ಮುಟ್ಟಿಸಿದೆ. ನೀರು ಹಚ್ಚಿದ ಹೂವು ಕಲ್ಲಿಗೆ ಕಚ್ಚಿಕೊಂಡು ನಿಲ್ಲುತ್ತದೆ. ಎಣ್ಣೆಯ ಮೇಲಿಟ್ಟದ್ದು ಎಷ್ಟು ಹೊತ್ತು ನಿಂತೀತು? ನೀವೆಲ್ಲ ಕೈಮುಗಿದು ಕಾಯುತ್ತಿದ್ದಿರಿ — ಅವ್ವ, ಅಣ್ಣ, ಊರಗೌಡರು, ಹಿಂದೆ ಒದ್ದೆ ಸೀರೆಯಲ್ಲಿ ನೀವು. ಬಲಗಡೆಯ ಹೂವು ಜಾರಿ ಬಿತ್ತು. ಅವ್ವ ಕಣ್ಣೊರೆಸಿಕೊಂಡಳು. ಅಣ್ಣ ನನ್ನ ಕಡೆ ನೋಡಿ ನಕ್ಕ. ನೀವು ಮಾತ್ರ ಬಿದ್ದ ಹೂವನ್ನು ನೋಡದೆ ನನ್ನ ಕೈಯನ್ನೇ ನೋಡುತ್ತಿದ್ದಿರಿ. ಅಥವಾ ಹಾಗೆಂದು ನನಗೆ ಅನ್ನಿಸಿತು — ಇಷ್ಟು ವರ್ಷ ಅನ್ನಿಸುತ್ತಲೇ ಇದೆ.

ನಾವು ದೇವರನ್ನು ಕೇಳಿದ್ದು ಏನು? ಒಂದು ಹಳೇ ಸೈಕಲ್ಲಿಗೆ ಎಂಜಿನ್ನು ಕೂರಿಸಬಹುದೋ, ಬೇಡವೋ. ಅಷ್ಟೇ. ಬಲಗಡೆಯ ಹೂವು ಮೊದಲು ಬಿದ್ದರೆ ಆಗಲಿ ಎಂದು, ಎಡಗಡೆಯದು ಬಿದ್ದರೆ ಬೇಡ ಎಂದು. ಮದುವೆಗೂ ಬಾವಿಗೂ ನಮ್ಮೂರಿನವರು ಹೀಗೆಯೇ ಕೇಳುವುದು. ಹೂವು ಒಮ್ಮೆ ಬಿದ್ದ ಮೇಲೆ ಅದರ ಮೇಲೆ ಮಾತಿಲ್ಲ. ಅಪ್ಪ ಕೇಳಿದ್ದು, ತಾತ ಕೇಳಿದ್ದು, ಯಾರ ಕಾಲದಲ್ಲೂ ಯಾರೂ ಪೂಜಾರಿಯ ಬೆರಳನ್ನು ಸಂಶಯದಿಂದ ನೋಡಿದವರಲ್ಲ. ಆ ನಂಬಿಕೆಯ ಮೇಲೆಯೇ ನಾನು ಎಣ್ಣೆ ಸವರಿದ್ದು.

ಯಾಕೆ ಎಂದು ನೀವು ಕೇಳುತ್ತೀರಿ. ಕೇಳಲೇಬೇಕು. ಸುತ್ತಿ ಬಳಸಿ ಹೇಳುವ ವಯಸ್ಸು ನನ್ನದಲ್ಲ, ಆದರೂ ಸ್ವಲ್ಪ ಹಿಂದಿನಿಂದ ಬರಬೇಕು.

ನಮ್ಮ ಮನೆಯಲ್ಲಿ ಪೂಜೆ ಹಿರಿಯ ಮಗನದು. ಅಪ್ಪ ತೀರಿಕೊಂಡಾಗ ಅದು ಮುನಿಸ್ವಾಮಣ್ಣನಿಗೆ ಬರಬೇಕಿತ್ತು. ಅವನು ಹನ್ನೊಂದನೇ ದಿನವೇ ನನ್ನ ಬೆನ್ನು ತಟ್ಟಿ, ನೀನೇ ಮಾಡ್ಕೊ ಕಣ್ಲಾ ನಂಜ, ನಂಗೆ ಒಂದ್ಕಡೆ ಕೂತ್ರೆ ಮೈ ಕಡೀತದೆ ಎಂದು ನಕ್ಕುಬಿಟ್ಟ. ಅವನ ನಗು ನಿಮಗೆ ಗೊತ್ತಲ್ಲ, ಅದರ ಎದುರು ಯಾರೂ ಇಲ್ಲ ಎನ್ನಲಾರರು. ನಾನು ಹೂಂ ಅಂದೆ. ಆಮೇಲೆ ತಿಳಿಯಿತು. ನಮ್ಮ ದೇವರಿಗೆ ದಿನಾ ಹೊತ್ತು ಮುಳುಗುವಾಗ ದೀಪವಾಗಬೇಕು, ಅದನ್ನು ಪೂಜಾರಿಯ ಕೈಯೇ ಹಚ್ಚಬೇಕು. ಅಂದರೆ ನಡೆದು ಹೋಗಿ ಸಂಜೆಯೊಳಗೆ ಹಿಂತಿರುಗಲಾಗದ ಊರು ಯಾವುದೂ ನನಗಿಲ್ಲ. ಉದ್ದನಪಲ್ಲಿಯ ಸಂತೆ ಉಂಟು, ಹೊಸೂರಿಲ್ಲ. ಕೃಷ್ಣಗಿರಿಯ ಮಾತಂತೂ ಬಿಡಿ. ಗೂಟಕ್ಕೆ ಕಟ್ಟಿದ ಕರುವಿಗೆ ಹಗ್ಗದುದ್ದದ ಮೇವಾದರೂ ಇರುತ್ತದೆ ಎಂದು ಅವ್ವನ ಹತ್ತಿರ ಒಮ್ಮೆ ಸಿಡುಕಿದ್ದೆ. ಅವ್ವ ಕೆನ್ನೆ ಕೆನ್ನೆ ಬಡಿದುಕೊಂಡಳು.

ಅಣ್ಣ ಊರೂರು ತಿರುಗಿದ. ರೇಷ್ಮೆಗೂಡು ಕೊಂಡು ಅವಲಪಲ್ಲಿಯಲ್ಲಿ ನೂಲು ಬಿಚ್ಚುವವರ ಮನೆಗೆ ಹಾಕುತ್ತಿದ್ದ. ಯುದ್ಧಕ್ಕೆಂದು ರೈಲಿನ ಹಳಿ ಕಿತ್ತುಕೊಂಡು ಹೋದ ಮೇಲೆ ಅದು ತ್ರಾಸದ ಕೆಲಸವಾಯಿತು. ಇದ್ದಿಲು ಉರಿಸಿಕೊಂಡು ಓಡುವ ಬಸ್ಸು ದಿಣ್ಣೆ ಸಿಕ್ಕಲ್ಲೆಲ್ಲ ನಿಲ್ಲುತ್ತಿತ್ತು. ಗೂಡು ಕಾಯುವ ವಸ್ತುವಲ್ಲ. ಹತ್ತು ದಿನ ಮೀರಿದರೆ ಚಿಟ್ಟೆ ಕೊರೆದು ಹೊರಗೆ ಬರುತ್ತದೆ, ಕೊರೆದ ಗೂಡನ್ನು ಯಾರೂ ಮೂಸಿಯೂ ನೋಡುವುದಿಲ್ಲ. ಆಗ ಅವನಿಗೆ ಆ ಸೈಕಲ್ಲು ಸಿಕ್ಕಿತು. ಹೊಸೂರಿನಲ್ಲಿದ್ದ ಒಬ್ಬ ಬಿಳಿಯ ದೊರೆ ತನ್ನ ದೇಶಕ್ಕೆ ಹೊರಡುವಾಗ ಅಡಿಗೆಯವನಿಗೆ ಬಿಟ್ಟು ಹೋದದ್ದು. ಅಡಿಗೆಯವನಿಗೆ ಓಡಿಸಲು ಬಾರದು. ಒಂದು ಆಡಿನ ಬೆಲೆಗೆ ಅದು ನಮ್ಮ ಮನೆಯ ಜಗಲಿಗೆ ಬಂತು.

ನನಗಿಂತ ವಯಸ್ಸಾದ ಸೈಕಲ್ಲು ಅದು. ಎತ್ತರದ ಚೌಕಟ್ಟು, ಕಬ್ಬಿಣದ ಸರಳಿನ ಬ್ರೇಕು, ಸೀಟಿನ ತೊಗಲು ಬಿರಿದು ಒಳಗಿನ ಸುರುಳಿ ಕಾಣುತ್ತಿತ್ತು. ಬೆಲ್ಲು ಮಾತ್ರ ಖಣಖಣ ಅನ್ನುತ್ತಿತ್ತು. ಅಣ್ಣ ನನಗೂ ಕಣದಲ್ಲಿ ಕಲಿಸಿದ. ಒಂದು ಮಧ್ಯಾಹ್ನ ನಾನೊಬ್ಬನೇ ಕೆರೆ ಏರಿಯ ತನಕ ಹೋಗಿ ಬಂದೆ. ಅತ್ತಿಗೆ, ಆ ಒಂದು ಮಧ್ಯಾಹ್ನವನ್ನು ನಾನು ಈವತ್ತಿಗೂ ಮರೆತಿಲ್ಲ. ಮುಖಕ್ಕೆ ಗಾಳಿ ಹೊಡೆಯುತ್ತಿತ್ತು. ಏರಿಯ ಆಚೆಗೆ ಹೊಸೂರಿನ ರಸ್ತೆ ಬೆಳ್ಳಗೆ ಬಿದ್ದಿತ್ತು. ಇನ್ನೊಂದು ಮೈಲಿ ತುಳಿಯೋಣ ಅಂದುಕೊಂಡೆ, ಹೊತ್ತು ನೋಡಿದೆ, ದೀಪ ನೆನಪಾಯಿತು, ತಿರುಗಿಸಿದೆ. ಅವತ್ತೇ ನನ್ನೊಳಗೆ ಏನೋ ಹುಳಿಯಾಯಿತು.

ಯುದ್ಧ ಮುಗಿದ ಮರುವರ್ಷ ಹೊಸೂರಿನ ಸೈಕಲ್ ರಿಪೇರಿಯ ಬಾಷಾ ಸಾಬರು ಬೆಂಗಳೂರಿನಿಂದ ಒಂದು ಸಣ್ಣ ಎಂಜಿನ್ನು ತಂದಿದ್ದರು. ಮಿಲಿಟರಿಯವರು ಬೇಡವೆಂದು ಗುಡ್ಡೆ ಹಾಕಿ ಮಾರಿದ ಸಾಮಾನಿನಲ್ಲಿ ಸಿಕ್ಕಿದ್ದು. ಅದನ್ನು ಸೈಕಲ್ಲಿನ ನಡುವೆ ಕೂರಿಸಿ ಹಿಂದಿನ ಚಕ್ರಕ್ಕೆ ಪಟ್ಟಿ ಎಳೆದರೆ ತುಳಿಯುವ ಕೆಲಸವೇ ಇಲ್ಲ ಎಂದು ಅಣ್ಣ ಕುಣಿದಾಡಿಬಿಟ್ಟ. ಸಾಬರು ಪ್ರಾಮಾಣಿಕ ಮನುಷ್ಯ. ಓಡಿಸುವುದು ನನ್ನ ಜವಾಬು, ನಿಲ್ಲಿಸುವುದು ನನ್ನ ಜವಾಬಲ್ಲ, ಈ ಬ್ರೇಕು ಕಾಲಿನ ವೇಗಕ್ಕೆ ಮಾಡಿದ್ದು, ಯೋಚನೆ ಮಾಡು ಎಂದು ಮೂರು ಸಲ ಹೇಳಿ ಕಳಿಸಿದ್ದರಂತೆ. ಅಣ್ಣನೇ ಊಟಕ್ಕೆ ಕೂತಾಗ ಅದನ್ನು ತಮಾಷೆ ಮಾಡಿಕೊಂಡು ಹೇಳಿದ.

ನೀವು ಅವತ್ತು ಅವನ ತಟ್ಟೆಗೆ ಸಾರು ಹಾಕುತ್ತಾ ಇದ್ದವರು ಸೌಟನ್ನು ಹಾಗೇ ಹಿಡಿದು ನಿಂತಿರಿ. ಬೇಡ ಅಂದಿರಿ. ಒಂದೇ ಮಾತು. ಸೀಮೆಎಣ್ಣೆಯ ಬುಡ್ಡಿ ಹತ್ತಿರ ಕೂರುವುದಕ್ಕೇ ಹೆದರುತ್ತೇನೆ, ನೀನು ಪೆಟ್ರೋಲಿನ ಡಬ್ಬ ತೊಡೆಸಂದಿಯಲ್ಲಿಟ್ಟುಕೊಂಡು ಹೋಗುತ್ತೀಯಾ ಎಂದಿರಿ. ಅಣ್ಣ ಛೇಡಿಸಿದ, ನೀವು ಎದ್ದು ಹೋದಿರಿ. ಹದಿನೈದು ದಿನ ಮನೆಯಲ್ಲಿ ಇದೇ ಮಾತು. ಅವ್ವ ಒಂದು ದಿನ ನಿಮ್ಮ ಕಡೆ, ಇನ್ನೊಂದು ದಿನ ಮಗನ ಕಡೆ. ಕೊನೆಗೆ ನೀವೇ ಅಂದಿರಿ, ಮುನೇಶ್ವರನನ್ನು ಕೇಳೋಣ, ಅವನು ಬೇಡ ಅಂದರೆ ಬಿಡಬೇಕು, ಆಗಲಿ ಅಂದರೆ ನಾನು ಇನ್ನು ಬಾಯಿ ತೆರೆಯುವುದಿಲ್ಲ ಎಂದು. ಅಣ್ಣ ಒಪ್ಪಿದ. ಎಷ್ಟೇ ಉಡಾಫೆಯವನಾದರೂ ಅವನು ದೇವರನ್ನು ಮೀರುವವನಲ್ಲ. ನೀವು ಅದನ್ನು ಬಲ್ಲಿರಿ. ಗಂಡನ ಜೀವವನ್ನು ನೀವು ದೇವರ ಕೈಗೆ ಕೊಟ್ಟಿರಿ — ಅಂದರೆ, ನನ್ನ ಕೈಗೆ.

ಹೂ ಕೇಳುವುದೆಂದು ಗೊತ್ತಾಗಿದ್ದ ಸೋಮವಾರ ಬೆಳಗ್ಗೆ, ನೀವು ಯಾರೂ ಬರುವ ಮುಂಚೆ, ನಾನೊಬ್ಬನೇ ಹೂವಿಟ್ಟು ಕೇಳಿದೆ. ಹಾಗೆ ಕೇಳಬಾರದು. ಒಂದೇ ವಿಷಯವನ್ನು ಎರಡು ಸಲ ಕೇಳಬಾರದು ಎಂದು ಅಪ್ಪ ಹೇಳಿಕೊಟ್ಟಿದ್ದ. ಆದರೂ ಕೇಳಿದೆ. ಮೋಸವಿಲ್ಲದೆ, ಕಲ್ಲನ್ನು ಚೆನ್ನಾಗಿ ಒರಸಿ, ಎರಡು ಹೂವಿಗೂ ನೀರು ಮುಟ್ಟಿಸಿ ಇಟ್ಟೆ. ನಾನಿನ್ನೂ ಕೈ ಹಿಂದಕ್ಕೆ ತೆಗೆದಿರಲಿಲ್ಲ. ಎಡಗಡೆಯದು ಬಿತ್ತು. ನನ್ನ ಮುಂಗೈ ಮೇಲೆ ಬಿದ್ದು ಕೆಳಕ್ಕೆ ಹೋಯಿತು. ಅಷ್ಟು ಬೇಗ ಹೂವು ಬಿದ್ದದ್ದನ್ನು ಅದಕ್ಕೆ ಮುಂಚೆ ನಾನು ನೋಡಿರಲಿಲ್ಲ. ಹೊರಗೆ ಬಂದು ಹುಣಸೆಮರದ ಕೆಳಗೆ ಕೂತೆ.

ಅಲ್ಲಿ ಕೂತು ನಾನು ಏನು ಯೋಚಿಸಿದೆ ಎಂಬುದನ್ನು ಹೇಳುವುದಕ್ಕೇ ಈ ಕಾಗದ. ಬೀಳುತ್ತಾನೆ ಎಂದು ಯೋಚಿಸಿದೆ. ದೇವರು ಬೇಡ ಅಂದಿದ್ದಾನೆ ಎಂದ ಮೇಲೆ ಅಣ್ಣ ಬೀಳುವುದು ಖಂಡಿತ. ಬಿದ್ದರೆ? ಕಾಲು ಮುರಿಯುತ್ತದೆ. ಮುರಿದ ಕಾಲಿನವನು ಊರೂರು ತಿರುಗಲಾರ. ಮನೆಯಲ್ಲಿ ಕೂರುತ್ತಾನೆ, ಗುಡಿಯಲ್ಲಿ ಕೂರುತ್ತಾನೆ, ದೀಪ ಅವನು ಹಚ್ಚುತ್ತಾನೆ — ಅದು ಅವನದೇ ತಾನೇ! ಸೈಕಲ್ಲು ನನಗೆ ಬರುತ್ತದೆ. ಸಾಯಲಿ ಎಂದು ನಾನು ಬಯಸಲಿಲ್ಲ, ಅತ್ತಿಗೆ. ಆದರೆ ಇದನ್ನು ನನ್ನ ಪರವಾಗಿ ಹೇಳಿಕೊಳ್ಳಲು ನನಗೆ ನಾಚಿಕೆಯಾಗುತ್ತದೆ. ಒಂದು ಕಾಲು ಸಾಕು ಎಂದು ಅಳತೆ ಹಾಕಿ ಕೂತವನು ಸಾವು ಬಯಸಿದವನಿಗಿಂತ ಏನು ಮೇಲು? ಎದ್ದು ಒಳಗೆ ಹೋದೆ. ದೀಪದ ಎಣ್ಣೆಗೆ ಬೆರಳು ಹಾಕಿದೆ.

ನೀವು ಕೊಟ್ಟ ಮಾತಿನಂತೆ ಬಾಯಿ ತೆರೆಯಲಿಲ್ಲ. ಎಂಜಿನ್ನು ಕೂತಿತು. ಮೊದಲ ದಿನ ಇಡೀ ಊರು ಬೀದಿಗೆ ಬಂದು ನೋಡಿತು. ನಾಯಿಗಳು ಅಟ್ಟಿಸಿಕೊಂಡು ಹೋದವು, ಗೌಡರ ಎತ್ತು ಹಗ್ಗ ಕಿತ್ತುಕೊಂಡಿತು, ಅಣ್ಣ ಹೊಗೆಯ ನಡುವೆ ಹಲ್ಲು ಕಿರಿದುಕೊಂಡು ಮೂರು ಸುತ್ತು ಹಾಕಿದ. ಹೋಗುವ ದಾರಿಯಲ್ಲಿ ಗುಡಿಯ ಮುಂದೆ ನಿಲ್ಲಿಸಿ, ಪೆಟ್ರೋಲಿನ ವಾಸನೆಯ ಕೈಯಲ್ಲೇ ದೇವರಿಗೆ ಮುಗಿದು, ಎತ್ತಿನ ಗಾಡಿ ಬಿಟ್ಟು ಬೇರೆ ಏನೂ ತಿಳಿಯದ ದೇವರು ಎಂದುಕೊಂಡಿದ್ದೆ, ಪರವಾಗಿಲ್ಲ, ನಿನ್ನ ದೇವರೂ ಕಾಲಕ್ಕೆ ತಕ್ಕ ಹಾಗೆ ಇದ್ದಾನೆ ಎಂದು ನನ್ನನ್ನು ರೇಗಿಸಿದ. ಆಮೇಲೆ ಹಿಂದಿನ ಕ್ಯಾರಿಯರನ್ನು ತಟ್ಟಿದ.

"ಹತ್ಕೊಳ್ಲಾ ನಂಜ. ಹೊಸೂರು ತೋರ್ಸ್ಕೊಂಡು ದೀಪದ ಹೊತ್ಗೆ ತಂದು ಬಿಡ್ತೀನಿ."

ಎಷ್ಟು ವರ್ಷದ ಆಸೆ ನನ್ನದು! ಆದರೂ ಕೆಲಸವಿದೆ ಎಂದೆ. ಅಣ್ಣ ಹೊರಟುಹೋದ. ನೀವು ನೀರಿನ ಬಿಂದಿಗೆ ಹೊತ್ತು ಅಲ್ಲೇ ನಿಂತಿದ್ದಿರಿ. ಮೆಲ್ಲಗೆ ಕೇಳಿದಿರಿ:

"ಹೂ ಕೇಳ್ದೋನು ನೀನು. ನೀನೇ ಯಾಕಪ್ಪ ಹತ್ತಲ್ಲ?"

ಕೇಳಿದವರೇ ಬಿಂದಿಗೆ ಸರಿಮಾಡಿಕೊಂಡು ಮನೆಯ ಕಡೆ ನಡೆದಿರಿ.

ಆಮೇಲಿನ ಏಳು ವಾರ — ಅದನ್ನು ಹೇಗೆ ಹೇಳಲಿ. ಬೆಳಗ್ಗೆ ಆ ಟರಟರ ಸದ್ದು ಊರು ಬಿಟ್ಟು ಏರಿಯ ಮೇಲೆ ಹೋಗಿ ಕಡಿಮೆಯಾಗುತ್ತಾ ಇಲ್ಲವಾಗುವ ತನಕ ನಾನು ಗುಡಿಯ ಬಾಗಿಲಲ್ಲಿ ನಿಂತಿರುತ್ತಿದ್ದೆ. ಸಂಜೆ ದೀಪಕ್ಕೆ ಬತ್ತಿ ಹೊಸೆಯುತ್ತಾ ಅದೇ ಸದ್ದಿಗೆ ಕಿವಿ ಕೊಡುತ್ತಿದ್ದೆ. ಬಂದರೆ ಉಸಿರು ಬಿಡುತ್ತಿದ್ದೆ. ಉಸಿರು ಬಿಟ್ಟ ಮರುಗಳಿಗೆಗೆ — ಇವತ್ತೂ ಇಲ್ಲ ಎಂದು ಒಳಗೆ ಯಾರೋ ಎಣಿಸುತ್ತಿದ್ದರು. ಎರಡೂ ನಾನೇ. ಪಟ್ಟಿ ಒಮ್ಮೆ ಹರಿಯಿತು. ಡಬ್ಬದ ಬೆಸುಗೆ ಒಸರುತ್ತಿದೆ ಎಂದು ಅಣ್ಣ ಸಾಬೂನು ಮೆತ್ತಿಕೊಂಡು ಹೋಗತೊಡಗಿದ. ಬ್ರೇಕಿನ ರಬ್ಬರು ಸವೆದಿದೆ ಎಂದ. ಮುಂದಿನ ವಾರ ಹಾಕಿಸುತ್ತೇನೆ ಎಂದ. ಒಂದೊಂದನ್ನೂ ನನ್ನೆದುರಿಗೇ ಹೇಳಿದ. ನಲವತ್ತೊಂಬತ್ತು ದಿನ, ಯಾವ ದಿನ ಬೇಕಾದರೂ ನಾನು ಬಾಯಿ ಬಿಡಬಹುದಿತ್ತು. ಪೂಜಾರಿ ಕಳ್ಳ ಎಂದು ಊರು ಉಗಿಯುತ್ತಿತ್ತು. ಅದಕ್ಕಿಂತ ಹೆಚ್ಚು ಏನೂ ಆಗುತ್ತಿರಲಿಲ್ಲ.

ಅವತ್ತು ಹೊತ್ತು ಇಳಿಯುವಾಗ ಸದ್ದು ಏರಿಯ ಮೇಲೆ ಬಂತು. ಎಂದಿಗಿಂತ ಜೋರಾಗಿ ಬಂತು. ಇಳಿಜಾರಿನಲ್ಲಿ ಹುಲ್ಲಿನ ಗಾಡಿಯೊಂದು ಅಡ್ಡ ಇದ್ದದ್ದು ಆಮೇಲೆ ತಿಳಿದದ್ದು. ಬೆಲ್ಲು ಬಿಡದೆ ಬಡಿದುಕೊಂಡಿತು. ಆಮೇಲೆ ಸದ್ದು ನಿಂತಿತು. ಅಷ್ಟು ದೂರದಿಂದಲೂ ನನಗೆ ಗೊತ್ತಾಯಿತು. ಕೈಯಲ್ಲಿ ಕಡ್ಡಿಪೆಟ್ಟಿಗೆ ಇತ್ತು. ನಾನು ಓಡಲಿಲ್ಲ, ಅತ್ತಿಗೆ. ಮೊದಲು ದೀಪ ಹಚ್ಚಿದೆ. ಎರಡು ಕಡ್ಡಿ ಆರಿಹೋಯಿತು, ಮೂರನೆಯದು ಹತ್ತಿತು. ಬಾಗಿಲು ಎಳೆದುಕೊಂಡು ಹೊರಗೆ ಬಂದಾಗ ಏರಿಯ ಕೆಳಗಿನ ಬಂಡೆಗಳ ನಡುವೆ ಹೊಗೆ ಎದ್ದಿತ್ತು, ನೀವು ನನ್ನ ಮುಂದೆ ಸೆರಗು ಜಾರಿಸಿಕೊಂಡು ಓಡುತ್ತಿದ್ದಿರಿ.

ಕಾಲಿಗೆ ಒಂದು ಗೀರೂ ಇರಲಿಲ್ಲ. ಅದನ್ನು ನಾನು ಮೊದಲು ನೋಡಿದೆ. ಎರಡು ಕಾಲೂ ಗಟ್ಟಿಯಾಗಿದ್ದವು. ಕಾದ ಎಂಜಿನ್ನಿನ ಮೇಲೆ ಪೆಟ್ರೋಲು ಚೆಲ್ಲಿ ಬೆಂಕಿ ಮುಖಕ್ಕೆ ಎದ್ದಿತ್ತು. ಗೂಡಿನ ಬುಟ್ಟಿ ಸುಟ್ಟು ಕೂದಲು ಸುಟ್ಟಂಥ ವಾಸನೆ ಸುತ್ತಲೂ. ನೀವು ಬರಿಗೈಯಲ್ಲಿ ಅವನ ತಲೆಯ ಬೆಂಕಿ ಬಡಿದು ಆರಿಸುತ್ತಿದ್ದಿರಿ. ಆ ಕೈಯ ಕಲೆ ಇನ್ನೂ ಇದೆ. ನನಗೆ ಅನ್ನ ತಂದಿಡುವಾಗ ದಿನಾ ಕಾಣುತ್ತದೆ. ಅಣ್ಣ ಬದುಕಿಕೊಂಡ. ಕಣ್ಣು ಎರಡೂ ಹೋದವು.

ಇಲ್ಲಿಗೆ ಮುಗಿದಿದ್ದರೆ ನನ್ನ ಪಾಪ ಎಣ್ಣೆಯಷ್ಟೇ ಆಗಿರುತ್ತಿತ್ತು. ಮುಗಿಯಲಿಲ್ಲ.

ಊರು ಕೇಳತೊಡಗಿತು: ಬಲಗಡೆ ಹೂ ಕೊಟ್ಟ ದೇವರು ಹೀಗೆ ಮಾಡುತ್ತಾನಾ? ಮುನೇಶ್ವರ ಸುಳ್ಳಾಡುವವನಲ್ಲ. ಹಾಗಾದರೆ ಕೇಳುವಾಗಲೇ ಏನೋ ಮೈಲಿಗೆ ಆಗಿರಬೇಕು. ಅವತ್ತು ಅಲ್ಲಿದ್ದ ಹೆಂಗಸರು ಇಬ್ಬರೇ. ಅವ್ವನಿಗೆ ವಯಸ್ಸಾಗಿತ್ತು. ಉಳಿದವರು ನೀವು. ಮುಟ್ಟಾಗಿ ಮುಚ್ಚಿಟ್ಟುಕೊಂಡು ದೇವರ ಮುಂದೆ ನಿಂತಳು ಎಂದು ಯಾವ ಬಾಯಿ ಮೊದಲು ಅಂದಿತೋ ನನಗೆ ಗೊತ್ತಿಲ್ಲ. ಹುಣಸೆಮರದ ಕೆಳಗೆ ಊರು ಸೇರಿತು. ನೀವು ಇಲ್ಲ ಅಂದಿರಿ. ಕೈಗೆ ಬಟ್ಟೆ ಸುತ್ತಿಕೊಂಡು ನಿಂತು ಎರಡು ಸಲ ಇಲ್ಲ ಅಂದಿರಿ. ಗೌಡರು ನನ್ನ ಕಡೆ ತಿರುಗಿದರು. ಪೂಜಾರಿಗೆ ತಿಳಿಯದೆ ಇರುವುದಿಲ್ಲ, ನೀನು ಹೇಳಪ್ಪ ಎಂದರು.

ನೀವು ನನ್ನನ್ನು ನೋಡಿದಿರಿ. ನಿಮ್ಮ ಕಣ್ಣಿನಲ್ಲಿ ಸಂಶಯ ಇರಲಿಲ್ಲ, ಅದೇ ನನ್ನನ್ನು ಸುಡುವುದು. ಇವನು ಹೇಳುತ್ತಾನೆ ಎಂಬ ಧೈರ್ಯ ಇತ್ತು.

"ಇದ್ರೂ ಇರ್ಬೋದು" ಎಂದೆ.

ಒಂದೇ ಮಾತು. ಅದಕ್ಕೆ ಒಂಬತ್ತು ಸೋಮವಾರ ನೀವು ಒದ್ದೆ ಬಟ್ಟೆಯಲ್ಲಿ ಗುಡಿ ಸುತ್ತಿದಿರಿ. ಒಂದು ಕಡೆ ಗಂಡನ ಮುಖಕ್ಕೆ ಬೆಣ್ಣೆ ಸವರುವುದು, ಇನ್ನೊಂದು ಕಡೆ ಈ ಶಿಕ್ಷೆ. ಗುಡಿಯ ಹೊಸಿಲು ತುಳಿಯಬಾರದು ಎಂದು ಊರು ಕಟ್ಟು ಹಾಕಿತು. ಗೌಡರು ಸತ್ತರು, ಅವ್ವ ಸತ್ತಳು, ಅವತ್ತು ಸೇರಿದ್ದವರಲ್ಲಿ ಬದುಕಿರುವವರು ನಾನು, ನೀವು, ಇನ್ನೊಬ್ಬರೋ ಇಬ್ಬರೋ. ಕಟ್ಟು ಹಾಕಿದವರೇ ಹೋದ ಮೇಲೂ ನೀವು ಹುಣಸೆಮರ ದಾಟಿ ಈಚೆಗೆ ಬಂದವರಲ್ಲ.

ನಾನು ಬಯಸಿದ್ದೆಲ್ಲ ನನಗೆ ಸಿಕ್ಕಿತು. ಅಣ್ಣ ಗುಡಿಯಲ್ಲಿ ಕೂತ. ದೀಪ ಅವನದಾಯಿತು. ಎಂಜಿನ್ನನ್ನು ಸಾಬರು ಬಿಚ್ಚಿ ಒಯ್ದರು. ಸೈಕಲ್ಲಿನ ಚೌಕಟ್ಟಿಗೆ ಏನೂ ಆಗಿರಲಿಲ್ಲ. ಅದನ್ನು ತುಳಿದುಕೊಂಡು ನಾನು ಹೊಸೂರಿಗೆ ಹೋದೆ, ಗೂಡು ಮಾರಿದೆ, ಕೃಷ್ಣಗಿರಿಯನ್ನೂ ಕಂಡೆ. ಏರಿಯ ಇಳಿಜಾರಿನಲ್ಲಿ ಪ್ರತಿ ಸಲ ಸೈಕಲ್ಲಿನಿಂದ ಇಳಿದು ತಳ್ಳಿಕೊಂಡು ಬಂದೆ. ಮುಖಕ್ಕೆ ಗಾಳಿ ಹೊಡೆಯುತ್ತಿತ್ತು, ಆದರೆ ಆ ಮಧ್ಯಾಹ್ನದ ಗಾಳಿ ಅಲ್ಲ.

ಅಣ್ಣ ಒಳ್ಳೆಯ ಪೂಜಾರಿಯಾದ. ಹೂವು ಬಿದ್ದ ಸದ್ದು ನಮ್ಮ ಕಿವಿಗೆ ಬೀಳುವುದಿಲ್ಲ, ಅವನಿಗೆ ಕೇಳಿಸುತ್ತಿತ್ತು. ಒಂದು ದಿನವೂ ಅವನು ದೇವರನ್ನು ಬೈಯಲಿಲ್ಲ. ನಿಮ್ಮನ್ನೂ ಬೈಯಲಿಲ್ಲ, ಇವಳು ಅಂಥವಳಲ್ಲ ಎಂದು ಊರಿಗೆಲ್ಲ ಹೇಳಿದ. ದೇವರು ಸರಿ, ಹೆಂಡತಿ ಸರಿ, ತಮ್ಮ ಸರಿ ಎಂದ ಮೇಲೆ ಉಳಿದವನು ಅವನೊಬ್ಬನೇ. ಆದ್ದರಿಂದ ತಪ್ಪನ್ನು ತನ್ನಲ್ಲೇ ಹುಡುಕಿದ. ಚಿಕ್ಕಂದಿನಲ್ಲಿ ಕದ್ದ ಮಾವಿನಕಾಯಿಯಿಂದ ಹಿಡಿದು ಗೂಡಿನ ತೂಕದಲ್ಲಿ ಆದ ಹೆಚ್ಚುಕಡಿಮೆಯ ತನಕ ಒಂದೊಂದನ್ನೇ ನೆನೆಸಿಕೊಂಡು, ಇದಕ್ಕಿರಬಹುದೇನೋ, ಇದಕ್ಕಿರಬಹುದೇನೋ ಎಂದು ನನ್ನನ್ನು ಕೇಳುತ್ತಿದ್ದ. ನಾನು ಪಕ್ಕದಲ್ಲಿ ಕೂತು ಕೇಳಿಸಿಕೊಳ್ಳುತ್ತಿದ್ದೆ.

ಹೋದ ವರ್ಷ, ಅವನು ಹಾಸಿಗೆ ಹಿಡಿದ ಮೇಲೆ, ನೀವು ಗಂಜಿ ತರಲು ಒಳಗೆ ಹೋಗಿದ್ದಾಗ, ನನ್ನ ಕೈ ಹಿಡಿದುಕೊಂಡ.

"ಹೂ ಇಡೋ ಮುಂಚೆ ನಾನು ದಿನಾ ಕಲ್ಲು ಒರಸ್ತೀನಿ ಕಣ್ಲಾ. ಎಣ್ಣೆ ಜಿಡ್ಡು ಇದ್ರೆ ಹೂ ನಿಲ್ಲಲ್ಲ, ಜಾರ್ತದೆ. ಅವತ್ತು ಒರಸಿದ್ದಾ ನೀನು?"

ಎಷ್ಟು ಮೆತ್ತಗೆ ಕೇಳಿದ! ಮರೆತೆ ಅಣ್ಣ ಎಂದಿದ್ದರೆ ಸಾಕಿತ್ತು. ಅದೂ ಪೂರ್ತಿ ನಿಜವಲ್ಲ, ಆದರೂ ಅವನು ಸಮಾಧಾನವಾಗಿ ಹೋಗುತ್ತಿದ್ದ. ಅವನು ಬಾಗಿಲು ತೆರೆದಿಟ್ಟು ಕಾಯುತ್ತಿದ್ದ. ನಾನು ಅವನ ಸುಟ್ಟ ರೆಪ್ಪೆಗಳನ್ನು ನೋಡುತ್ತಾ ಒರಸಿದ್ದೆ ಅಣ್ಣ ಎಂದೆ.

"ಹಂಗಾದ್ರೆ ನಂದೇ ಏನೋ ತಪ್ಪು" ಎಂದ. ಕೈ ಬಿಟ್ಟ. ಮೂರನೇ ದಿನ ತೀರಿಕೊಂಡ.

ಪೂಜೆ ಮತ್ತೆ ನನಗೇ ಬಂದಿದೆ. ದಿನಾ ಮಧ್ಯಾಹ್ನ ನೀವು ನನ್ನ ಅನ್ನ ತಂದು ಹುಣಸೆಮರದ ಬುಡದಲ್ಲಿಟ್ಟು, ನಂಜಪ್ಪ, ಊಟ ಎಂದು ಕೂಗಿ ಹೋಗುತ್ತೀರಿ. ಹೆಂಡತಿ ಸತ್ತ ಮೈದುನನಿಗೆ ನೀವಲ್ಲದೆ ಯಾರು ಹಾಕುತ್ತಾರೆ? ಆ ಅನ್ನ ಗಂಟಲಲ್ಲಿ ಇಳಿಯುವುದಿಲ್ಲ ಎಂದು ಬರೆದರೆ ಸುಳ್ಳಾಗುತ್ತದೆ. ಇಳಿಯುತ್ತದೆ. ಇಷ್ಟು ವರ್ಷ ಇಳಿದಿದೆ.

ನಿಮಗೆ ಓದು ಬಾರದು. ಅದಕ್ಕೇ ಇದನ್ನು ಬರೆದಿಟ್ಟುಕೊಳ್ಳುತ್ತಿದ್ದೇನೆ — ಬಾಯಿಯಲ್ಲಿ ಹೇಳಲು ನಿಂತರೆ ನಾನು ನಡುವೆ ಎಲ್ಲೋ ನನಗೆ ಬೇಕಾದ ಹಾಗೆ ತಿರುಗಿಸಿಬಿಡುತ್ತೇನೆ. ಬರುವ ಸೋಮವಾರ ಹೂ ಕೇಳಲು ಮೂರು ಮನೆಯವರು ಬರುತ್ತಾರೆ, ನಾಲ್ಕು ಜನ ಸೇರುತ್ತಾರೆ. ಮೊದಲ ಹೂವಿಡುವ ಮುಂಚೆ ಹುಣಸೆಮರದ ಹತ್ತಿರ ಬಂದು, ನಿಮ್ಮ ಎದುರಿಗೆ, ಎಲ್ಲರಿಗೂ ಕೇಳುವ ಹಾಗೆ ಇದನ್ನು ಓದುತ್ತೇನೆ. ಓದಿ ಮುಗಿಸಿ ಗುಡಿಯ ಬೀಗದ ಕೈ ನಿಮ್ಮ ಮುಂದೆ ಇಡುತ್ತೇನೆ. ಆಮೇಲೆ ನೀವು ಹೊಸಿಲು ದಾಟಿ ಒಳಗೆ ಬರುತ್ತೀರೋ ಇಲ್ಲವೋ, ನನ್ನ ಮುಖಕ್ಕೆ ಉಗಿಯುತ್ತೀರೋ, ಮರುದಿನ ನನಗೆ ಅನ್ನ ಇಡುತ್ತೀರೋ ಬಿಡುತ್ತೀರೋ — ಅದನ್ನು ನಾನು ಹೂವಿಟ್ಟು ಕೇಳುವುದಿಲ್ಲ. ನೀವೇ ಹೇಳಬೇಕು.